ರೆಕ್ಕೆಯ ಮೇಲಿನ ಹೆಸರು

ಜೆ.ಪಿ. ನಗರ
5 ಆಗಸ್ಟ್ 2024

ಮೇಲಿನ ಮನೆಯ ಶ್ರೀಮತಿ ಜಯಶೀಲಾ ಮತ್ತು ಶ್ರೀ ಸುಮನ್ ಅವರಿಗೆ,

ಹಾಲಿಗೆ, ಪೇಪರಿಗೆ ನೀವು ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿಯಲ್ಲೇ ಈ ಕಾಗದ ಇಡುತ್ತಿದ್ದೇನೆ. ಮೆಟ್ಟಿಲು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಅಲ್ಲದೆ ಬಾಡಿಗೆಯವರ ಹತ್ತಿರ ಏನಿದ್ದರೂ ಬರವಣಿಗೆಯಲ್ಲೇ ಎಂಬುದು ನಮ್ಮ ಯಜಮಾನರು ಸಿದ್ದಲಿಂಗಯ್ಯನವರು ಹಾಕಿಕೊಟ್ಟ ಪದ್ಧತಿ. ಅವರು ಲಿಂಗೈಕ್ಯರಾದ ಮೇಲೂ ಅದನ್ನು ನಾನು ಬಿಟ್ಟಿಲ್ಲ. ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿ ಕಳಿಸುವ ಮೆಸೇಜು ನನಗೆ ಬೇಡ. ಹೆಬ್ಬೆಟ್ಟು ಒತ್ತುವವರು ಅಕ್ಷರ ಬಾರದವರು. ನಾನು ಎಸ್.ಎಸ್.ಎಲ್.ಸಿ. ಪಾಸಾದವಳು.

ವಿಷಯ ಏನೆಂದರೆ, ನಾನು ಬೆಳಿಗ್ಗೆ ಆರಕ್ಕೆ ಲಿಂಗಪೂಜೆಗೆ ಕೂರುತ್ತೇನೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸುವ ಹೊತ್ತಿಗೆ ತಲೆಯ ಮೇಲೆ ನಿಮ್ಮ ಗಿಟಾರು ಶುರುವಾಗುತ್ತದೆ. ಹಾಡು ಪೂರ್ತಿ ಬಂದರೆ ಸಹಿಸಬಹುದು. ಒಂದೇ ಸಾಲು, ಅದೂ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ನಿನ್ನೆ ಪಕ್ಕದ ಮನೆಯ ವಿಜಯಲಕ್ಷ್ಮಿ ಕಾಂಪೌಂಡಿನ ಮೇಲಿಂದ, "ಏನ್ರೀ ಸಿದ್ದಗಂಗಮ್ನೋರೇ, ನಿಮ್ ಮೇಲ್ಗಡೆ ಮನೇಲಿ ಕ್ಯಾಸೆಟ್ ಸಿಕ್ಕಾಕೊಂಡಿದ್ಯಾ?" ಎಂದು ಕೇಳಿದಳು. ಅವಳ ಬಾಯಿಗೆ ನಮ್ಮ ಮನೆ ಬೀಳುವುದು ನನಗೆ ಸರಿಬರುವುದಿಲ್ಲ.

ನೀವು ಚರ್ಚಿಗೆ ಹೋಗುವವರು ಎಂದು ಗೊತ್ತಿದ್ದೇ ಮನೆ ಕೊಟ್ಟಿದ್ದೇನೆ. ನನ್ನ ತಕರಾರು ನಿಮ್ಮ ದೇವರ ಮೇಲಲ್ಲ, ಹೊತ್ತಿನ ಮೇಲೆ. ಉತ್ತರ ಬರೆದು ತಿಳಿಸುವುದು.

ಇತಿ,
ಸಿದ್ದಗಂಗಮ್ಮ
ಮನೆ ಮಾಲೀಕರು


6 ಆಗಸ್ಟ್ 2024

ಪೂಜ್ಯ ಅಮ್ಮನವರಿಗೆ ವಂದನೆಗಳು.

ನಿಮ್ಮ ಪೂಜೆಯ ಹೊತ್ತು ನಮಗೆ ತಿಳಿದಿರಲಿಲ್ಲ. ಇನ್ನು ಮೇಲೆ ಏಳು ಗಂಟೆಯ ತನಕ ಗಿಟಾರು ಮುಟ್ಟುವುದಿಲ್ಲ.

ನಾನು ಬಿ.ಟಿ.ಎಂ. ಲೇಔಟಿನ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತೇನೆ. ಸುಮನ್ ಬ್ಯಾಂಕಿನಲ್ಲಿದ್ದಾರೆ. ನಮ್ಮಿಬ್ಬರಿಗೂ ಬಿಡುವು ಸಿಗುವುದು ಬೆಳಿಗ್ಗೆ ಮಾತ್ರ. ಚರ್ಚಿನ ಆರಾಧನೆಗೆ ನಾವು ಹಾಡು ಕಟ್ಟುತ್ತೇವೆ, ಅವರು ರಾಗ, ನಾನು ಮಾತು. ಆ ಹಾಡನ್ನು ಯಾವ ಊರಿನ ಯಾವ ಚರ್ಚಿನವರಾದರೂ ಹಾಡಿಕೊಳ್ಳಬಹುದು. ಹಾಡುವವರು ಬೊಮ್ಮನಹಳ್ಳಿಯ ಮಕ್ಕಳ ಮನೆಗೆ ಒಂದು ತಿಂಗಳ ರಾಗಿ ಕಳಿಸಿಕೊಡಬೇಕು. ಇರುವುದು ಅದೊಂದೇ ನಿಯಮ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಕೂಸುಗಳನ್ನು ಜಯದೇವಿಯಕ್ಕ ಎಂಬುವರು ಅಲ್ಲಿ ಹಗಲೆಲ್ಲ ನೋಡಿಕೊಳ್ಳುತ್ತಾರೆ. ಅವರೂ ಮೊದಲು ಗಾರ್ಮೆಂಟ್ಸ್‌ನಲ್ಲೇ ಟೈಲರ್ ಆಗಿದ್ದವರು. ಆ ಮಕ್ಕಳು ಕುಡಿಯುವ ರಾಗಿ ಸರಿ ಹೀಗೆ ಹಾಡಿನಿಂದ ಬರುತ್ತಿದೆ. ಹಾಡಿನ ಜೊತೆ ನಮ್ಮ ಹೆಸರು ಹಾಕುವುದಿಲ್ಲ. ಹಾಕಿದರೆ ಕಳಿಸುವವರು ನಮಗೆ ಕಳಿಸಿದಂತೆ ಆಗುತ್ತದೆ.

ಸಿಕ್ಕಿಹಾಕಿಕೊಂಡ ಸಾಲು "ದಯೆಯ ಮಹಾಸಾಗರವೇ, ದೀನನತ್ತ ದೃಷ್ಟಿಸು" ಎಂಬುದು. ಮುಂದೆ ಹೋಗುತ್ತಿಲ್ಲ. ನಿಮಗಾದ ತೊಂದರೆಗೆ ಕ್ಷಮೆ ಇರಲಿ.

ನಿಮ್ಮ ವಿಧೇಯಳು,
ಜಯಶೀಲಾ


8 ಆಗಸ್ಟ್ 2024

ಶ್ರೀಮತಿ ಜಯಶೀಲಾ ಅವರಿಗೆ,

ಏಳು ಗಂಟೆ ಎಂದು ಬರೆದು ಏಳಕ್ಕೆ ಮುಂಚೆಯೇ ಒಂದು ತಂತಿ ಮೀಟಿದಿರಿ. ಕೇಳಿಸಿತು. ಇರಲಿ.

ಆ ಸಾಲು ಮುಂದೆ ಹೋಗದಿರುವುದರಲ್ಲಿ ಆಶ್ಚರ್ಯವಿಲ್ಲ. ನಾನು ಸಮುದ್ರ ನೋಡಿದ್ದು ಒಂದೇ ಸಲ, ಮಂಗಳೂರಿನಲ್ಲಿ. ಅದು ಯಾರತ್ತಲೂ ದೃಷ್ಟಿಸುವುದಿಲ್ಲ.

ನೀವು ಹೆಸರಿನ ಬಗ್ಗೆ ಬರೆದದ್ದು ನನಗೆ ಹಿಡಿಸಲಿಲ್ಲ. ಕೊಟ್ಟವರ ಹೆಸರು ಇರಬೇಕು. ಮಠದ ದಾಸೋಹದ ಮನೆಗೆ ನಾವು ಕೊಟ್ಟ ಪಾತ್ರೆಗಳ ಮೇಲೆ ಯಜಮಾನರ ಹೆಸರು ಕೊರೆಸಿದೆ. ದೇವಸ್ಥಾನಕ್ಕೆ ಕೊಟ್ಟ ಫ್ಯಾನುಗಳಿಗೆ ಪೇಂಟರ್ ಪಿಳ್ಳಣ್ಣನನ್ನು ಕರೆಸಿ ಕೆಂಪು ಬಣ್ಣದಲ್ಲಿ ಬರೆಸಿದೆ. ಆವತ್ತು ಅವನು, "ಮೂರ್ ರೆಕ್ಕೆಗೂ ಬರೀಬೇಕೇನಮ್ಮಾ? ಒಂದಕ್ಕೆ ಬರುದ್ರೆ ಸಾಲ್ದಾ?" ಎಂದ. "ಸಾಲ್ದು, ಯಾವ ಕಡೆ ಕೂತ್ರೂ ಕಾಣ್ಬೇಕು" ಎಂದೆ. ಯಾರು ಕೊಟ್ಟರೆಂದು ತಿಳಿಯದಿದ್ದರೆ, ಕೊಡದವನೂ ನಾನೇ ಕೊಟ್ಟೆ ಎನ್ನುತ್ತಾನೆ. ಇದು ಲೋಕ.

ಇನ್ನೊಂದು ಮಾತು. ಹಾಡಿನಿಂದ ರಾಗಿ ಬರುತ್ತದೆ ಎಂಬುದನ್ನು ಕಣ್ಣಿನಿಂದ ನೋಡದೆ ನಂಬುವವಳಲ್ಲ ನಾನು. ಶನಿವಾರ ಬೊಮ್ಮನಹಳ್ಳಿಗೆ ಕರೆದುಕೊಂಡು ಹೋಗುವುದು. ಆಟೋದವನ ಹತ್ತಿರ ನಾನೇ ಮಾತಾಡುತ್ತೇನೆ, ನಿಮಗೆ ಚೌಕಾಸಿ ಬರುವುದಿಲ್ಲ.

ಸಿದ್ದಗಂಗಮ್ಮ
ಮನೆ ಮಾಲೀಕರು


12 ಆಗಸ್ಟ್ 2024

ಜಯಶೀಲಾ,

ಶನಿವಾರ ನೋಡಿದ್ದರ ಬಗ್ಗೆ ಆಟೋದಲ್ಲಿ ನಾನು ಮಾತಾಡಲಿಲ್ಲವೆಂದು ನೀನು ಮುಖ ನೋಡಿದೆ. ನನಗೆ ಮಾತು ಬರೆಯುವಾಗಲೇ ಸರಿಯಾಗಿ ಬರುವುದು.

ರಾಗಿ ಮೂಟೆ ನೋಡಿದೆ. ಒಂದರ ಮೇಲೆ ಕೋಲಾರದ ಚರ್ಚು, ಇನ್ನೊಂದರ ಮೇಲೆ ಹಾಸನದ ಚರ್ಚು ಎಂದು ಬರೆದಿತ್ತು. ಹಿಡಿ ತೆಗೆದು ಮೂಸಿಯೂ ನೋಡಿದೆ. ಹೊಸ ರಾಗಿ. ನಮ್ಮ ಯಜಮಾನರು ರಾಗಿ ಮಿಲ್ಲು ನಡೆಸಿದವರು, ನನಗೆ ರಾಗಿಯ ವಿಷಯದಲ್ಲಿ ಯಾರೂ ಮೋಸ ಮಾಡಲಾರರು. ನೀವು ಇಲ್ಲಿ ಮೇಲೆ ಕೂತು ಹಾಡುತ್ತೀರಿ, ಅಲ್ಲಿ ಕೋಲಾರದಲ್ಲಿ ಯಾರೋ ಮೂಟೆ ಹೊಲಿಯುತ್ತಾರೆ. ನಡುವೆ ಕೈಯಿಂದ ಕೈಗೆ ಹೋದದ್ದು ಬರೀ ಉಸಿರು. ಇದನ್ನು ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುತ್ತಿಲ್ಲ.

ಸಂಜೆ ಫ್ಯಾಕ್ಟರಿಯ ಸೈರನ್ ಆದಾಗ ನೀನು ಒಳಗೆ ತೊಟ್ಟಿಲು ಮಡಿಸುತ್ತಿದ್ದೆ. ನೀನು ನೋಡಲಿಲ್ಲ, ನಾನು ನೋಡಿದೆ. ಅಷ್ಟು ಹೊತ್ತು ಕಿರುಚಾಡುತ್ತಿದ್ದ ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾದವು. ನಡೆಯಲು ಬಾರದವೂ ಬಾಗಿಲ ಕಡೆ ತಿರುಗಿಕೊಂಡವು. ಹೆಣ್ಣುಮಕ್ಕಳು ಓಡುತ್ತಾ ಬಂದರು, ಕತ್ತಿನಲ್ಲಿ ಬ್ಯಾಡ್ಜು, ತಲೆಗೂದಲಲ್ಲಿ ದಾರದ ಚೂರು. ಎಲ್ಲರದೂ ಒಂದೇ ಬಣ್ಣದ ಕೋಟು, ನನಗೆ ಒಬ್ಬಳಿಗೂ ಇನ್ನೊಬ್ಬಳಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ತಾಯಿ ಗೇಟು ದಾಟುವ ಮೊದಲೇ, ಚಪ್ಪಲಿಯ ಸದ್ದಿಗೆ, ಆಯಾ ಮಗು ಕೈ ಚಾಚುತ್ತಿತ್ತು. ಒಂದೂ ತಪ್ಪಲಿಲ್ಲ.

ಅವಳ್ಯಾರೋ ಒಬ್ಬಳು ಓವರ್‌ಟೈಮ್‌ಗೆ ನಿಂತಿದ್ದಳಂತೆ. ಅವಳ ಮಗು ಕಾದು ಕಾದು ಕೊನೆಗೆ ನನ್ನ ಸೀರೆ ಹಿಡಿದು "ಎತ್ಕೋ" ಎಂದಿತು. ನಾನು ಜಯದೇವಿಯನ್ನು, "ಯಾರ ಮಗು ಇದು?" ಎಂದು ಕೇಳಿದೆ. ಯಾರು ಏನು ಎಂದು ತಿಳಿಯದೆ ಎತ್ತಿಕೊಳ್ಳುವುದು ನನ್ನ ಅಭ್ಯಾಸವಲ್ಲ. ಅವಳು ಕಸ ಗುಡಿಸುತ್ತಲೇ, "ಸದ್ಯಕ್ಕೆ ನಿಮ್ದೇ ಕಣಮ್ಮ, ಎತ್ಕೊಳ್ಳಿ" ಎಂದಳು. ಎತ್ತಿಕೊಂಡೆ. ಸೆರಗು ಒದ್ದೆಯಾಯಿತು. ಒಳ್ಳೆಯ ಇಳಕಲ್ ಸೀರೆ.

ಸಿದ್ದಗಂಗಮ್ಮ


23 ಆಗಸ್ಟ್ 2024

ಜಯಶೀಲಾ,

ಈ ಬೆಳಿಗ್ಗೆ ನಿಮ್ಮ ಹಾಡಿನ ಸಾಲು ಬದಲಾಗಿದೆ. ಪೂಜೆ ಮುಗಿಸಿ ಕೂತಿದ್ದೆ, ಚೆನ್ನಾಗಿ ಕೇಳಿಸಿತು.

"ಬಾಗಿಲಲಿ ನಿಂತಿರುವೆ, ಎತ್ತಿಕೋ.
ಯಾರ ಮಗುವೆಂದು ಕೇಳದೆ ಎತ್ತಿಕೋ."

ಯಾರ ಮಗು ಎಂದು ಕೇಳಿದವಳು ನಾನು. ನನ್ನ ಮಾತನ್ನು ತೆಗೆದುಕೊಂಡು ನನಗೇ ಬುದ್ಧಿ ಹೇಳುವ ಹಾಡು ಕಟ್ಟಿದ್ದೀಯ. ಅದನ್ನು ಕೋಲಾರ, ಹಾಸನಗಳಲ್ಲಿ ಹಾಡಿಸುತ್ತೀಯ. ನಮ್ಮ ಮನೆಯಲ್ಲಿದ್ದುಕೊಂಡು ನನ್ನನ್ನು ಹೀಗೆ ಹಾಡಿಗೆ ಹಾಕುವುದು ಮರ್ಯಾದೆಯೇ?

ಸಿದ್ದಗಂಗಮ್ಮ


23 ಆಗಸ್ಟ್ 2024, ಸಂಜೆ

ಅಮ್ಮ,

ಶಾಲೆಯಿಂದ ಬಂದು ಬುಟ್ಟಿ ಎಳೆದುಕೊಂಡಾಗ ನಿಮ್ಮ ಕಾಗದ ಸಿಕ್ಕಿತು.

ನೀವು ಕೇಳಿದ ಪ್ರಶ್ನೆಯಿಂದಲೇ ಆ ಸಾಲು ಹುಟ್ಟಿದ್ದು ನಿಜ. ಆದರೆ ಅದರಲ್ಲಿ ನೀವು ಎಲ್ಲಿದ್ದೀರಿ ಎಂಬುದನ್ನು ತಪ್ಪು ತಿಳಿದಿದ್ದೀರಿ. ಆ ಸಂಜೆ ಪ್ರಶ್ನೆ ಕೇಳಿದಿರಿ, ಉತ್ತರ ಪೂರ್ತಿ ಬರುವುದಕ್ಕೆ ಮುಂಚೆ ಬಗ್ಗಿ ಮಗುವನ್ನು ಎತ್ತಿದಿರಿ. ಮಡಿಸಿದ ತೊಟ್ಟಿಲು ಕೈಯಲ್ಲಿ ಹಿಡಿದುಕೊಂಡು ನಾನು ಬಾಗಿಲ ಹಿಂದೆ ನಿಂತಿದ್ದೆ. ದೇವರ ಮುಂದೆ ನಿಂತಾಗ ನಾವೆಲ್ಲ ಆ ಮಗು. ನಮ್ಮ ಯೋಗ್ಯತೆ, ಮನೆತನ ವಿಚಾರಿಸಲು ಹೊರಟರೆ ಆತ ನಮ್ಮನ್ನು ಮುಟ್ಟಲೂ ಆಗದು. ಆತ ಬಗ್ಗಿ ಎತ್ತಿಕೊಳ್ಳುತ್ತಾನೆ ಎಂಬುದು ನಮ್ಮ ನಂಬಿಕೆ. ಅದು ಹೇಗೆಂದು ಕಣ್ಣಿಗೆ ಕಂಡದ್ದು ನಿಮ್ಮಿಂದ. ಹಾಡಿನಿಂದ ಆ ಸಾಗರ ಬಿಟ್ಟುಹೋದದ್ದೂ ನಿಮ್ಮಿಂದಲೇ.

ಬೇಡವೆಂದರೆ ತೆಗೆಯುತ್ತೇವೆ.

ಜಯಶೀಲಾ


24 ಆಗಸ್ಟ್ 2024

ತೆಗೆಯಬೇಕಾಗಿಲ್ಲ. ಈ ಮಾತನ್ನು ನಮ್ಮ ಶರಣರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ್ದಾರೆ, ನೀವೇ ಮೊದಲೆಂದು ತಿಳಿಯಬೇಡಿ.

"ಎತ್ತಿಕೋ" ಎನ್ನುವಲ್ಲಿ ರಾಗ ಮೇಲಕ್ಕೆ ಹೋಗಬೇಕಲ್ಲವೇ? ಸುಮನ್ ಕೆಳಗೆ ಇಳಿಸುತ್ತಿದ್ದಾನೆ. ಮಗುವನ್ನು ಇಳಿಸಿದಂತಿದೆ.

ಬುಟ್ಟಿಯಲ್ಲಿ ಹುರಿಗಡಲೆ ಉಂಡೆ ಇದೆ. ಡಬ್ಬಿಯ ಮೇಲೆ ಹೆಸರಿದೆ, ವಾಪಸು ಕಳಿಸುವುದು.

ಸಿದ್ದಗಂಗಮ್ಮ


20 ಅಕ್ಟೋಬರ್ 2024

ಚಿ. ಜಯಶೀಲಾಗೆ ಆಶೀರ್ವಾದಗಳು.

ನೀನು ಹೇಳದಿದ್ದರೂ ವಿಷಯ ನನಗೆ ಬಂತು. ಬೊಮ್ಮನಹಳ್ಳಿಯ ಮಕ್ಕಳ ಮನೆಯ ಗೋಡೆಗೆ "ಪಿ.ಜಿ. ಹಾಸ್ಟೆಲ್ ಬರಲಿದೆ" ಎಂದು ಬರೆಯಲು ಪಿಳ್ಳಣ್ಣನನ್ನು ಕರೆದಿದ್ದರಂತೆ. "ಡಿಸೆಂಬರ್‌ಗೆ ಖಾಲಿ ಮಾಡ್ಬೇಕಂತೆ ಕಣಮ್ಮ, ಓನರ್ರು ಅಲ್ಲಿ ಪಿ.ಜಿ. ಕಟ್ತಾರಂತೆ" ಎಂದ. ಜಯದೇವಿ ಊರೆಲ್ಲ ಜಾಗ ಹುಡುಕುತ್ತಿದ್ದಾಳಂತೆ. ಮಕ್ಕಳು ಅಳುತ್ತವೆಂದು ಯಾರೂ ಕೊಡುವುದಿಲ್ಲವಂತೆ. ಇಷ್ಟು ದಿನ ಬುಟ್ಟಿ ಮೇಲೆ ಕೆಳಗೆ ಓಡಾಡಿದರೂ ನೀನು ಒಂದು ಸಾಲು ಬರೆಯಲಿಲ್ಲ. ಕೇಳಬಾರದೆಂಬ ಸ್ವಾಭಿಮಾನ. ಅದು ನನಗೆ ಅರ್ಥವಾಗುತ್ತದೆ.

ಬೊಮ್ಮನಹಳ್ಳಿಯಲ್ಲಿ, ಆ ಮನೆಯಿಂದ ಎರಡು ತಿರುವು ಆಚೆ, ನಮ್ಮ ಯಜಮಾನರ ಮಿಲ್ಲು ಇದೆ. ಅವರು ಹೋದ ಮೇಲೆ ಬೀಗ ಹಾಕಿದ್ದು ಹಾಗೇ ಇದೆ. ಗಟ್ಟಿ ಗೋಡೆ, ಎತ್ತರದ ಶೀಟು, ಮುಂದೆ ಅಂಗಳ, ಬೋರ್‌ವೆಲ್ಲು. ಮಗ ಶಿವಕಿರಣ್ ಗೋಡೌನಿಗೆ ಕೊಡೋಣ ಎನ್ನುತ್ತಾನೆ. ನಾನು ಮಕ್ಕಳಿಗೆ ಕೊಡುತ್ತೇನೆ, ಬಾಡಿಗೆ ಬೇಡ.

ನನ್ನ ಕಡೆಯಿಂದ ಇಷ್ಟು ಆಗಬೇಕು. ಬಾಗಿಲ ಮೇಲೆ "ಲಿಂ. ಸಿದ್ದಲಿಂಗಯ್ಯನವರ ಸ್ಮರಣಾರ್ಥ" ಎಂಬ ಬೋರ್ಡು. ಫ್ಯಾನುಗಳನ್ನು ನಾನು ಕೊಡಿಸುತ್ತೇನೆ, ಅವಕ್ಕೂ ಹೆಸರು. ಪಿಳ್ಳಣ್ಣನಿಗೆ ಆಗಲೇ ಹೇಳಿಯಾಗಿದೆ. ಮತ್ತು ನಿಮ್ಮ ಹಾಡಿನ ಕೊನೆಯ ಚರಣದಲ್ಲಿ ಅವರ ಹೆಸರು ಬರಬೇಕು. ವಚನಗಳಿಗೆ ಕೊನೆಯಲ್ಲಿ ಅಂಕಿತ ಇರುವ ಹಾಗೆ. ಅಂಕಿತವಿಲ್ಲದ ಹಾಡು ಬಾಗಿಲಿಲ್ಲದ ಮನೆ.

ಇದನ್ನು ಕೇಳಲು ಕಾರಣವಿದೆ. ನಾನು ತುಮಕೂರಿನ ಕಡೆಯಿಂದ ಸಾರಕ್ಕಿಗೆ ಸೊಸೆಯಾಗಿ ಬಂದಾಗ ಇಲ್ಲಿ ನಮ್ಮ ಹೊಲವನ್ನು ಸಿದ್ದಲಿಂಗಯ್ಯನ ಹೊಲ ಎಂದೇ ಕರೆಯುತ್ತಿದ್ದರು. ಜೆ.ಪಿ. ನಗರ ಲೇಔಟು ಬಂತು. ಹೊಲ ಸೈಟಾಯಿತು, ದಾರಿ ಮೈನ್ ರೋಡಾಯಿತು, ಮೈನ್ ರೋಡಿಗೆ ನಂಬರ್ ಕೊಟ್ಟರು. ಈಗ ಆಟೋದವನಿಗೆ ನಂಬರ್ ಹೇಳಿದರೆ ಮಾತ್ರ ನಮ್ಮ ಮನೆ ಸಿಗುವುದು. ಮಿಲ್ಲಿನ ಬಾಗಿಲ ಮೇಲಿನ ಹೆಸರೂ ಮಳೆಗೆ ಅಳಿಸಿಹೋಗಿದೆ. ಅವರು ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೆ ಹಿಟ್ಟು ಕೂತಿರುತ್ತಿತ್ತು, ಮುದುಕರ ಹಾಗೆ ಕಾಣುತ್ತಿದ್ದರು. ನಿಜವಾಗಿ ಮುದುಕರಾಗುವ ತನಕ ಇರಲಿಲ್ಲ. ಆ ಹೆಸರು ಎಲ್ಲಾದರೂ ಉಳಿಯಬೇಕು. ಹಾಡು ಅಳಿಸುವುದಿಲ್ಲ.

ನಿನ್ನ ಹಿತೈಷಿ,
ಸಿದ್ದಗಂಗಮ್ಮ


24 ಅಕ್ಟೋಬರ್ 2024

ಪೂಜ್ಯ ಅಮ್ಮನವರಿಗೆ,

ನಿಮ್ಮ ಕಾಗದವನ್ನು ಸುಮನ್‌ಗೂ ಓದಿ ಹೇಳಿದೆ. ಜಯದೇವಿಯಕ್ಕನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವರು ಕುಣಿದಾಡುತ್ತಾರೆ, ಆಮೇಲೆ ನನಗೆ ನಿಮಗೆ ಉತ್ತರ ಬರೆಯುವ ಧೈರ್ಯ ಇರುವುದಿಲ್ಲ.

ಬಾಗಿಲ ಮೇಲೆ ಯಜಮಾನರ ಹೆಸರನ್ನು ಎಷ್ಟು ದೊಡ್ಡ ಅಕ್ಷರದಲ್ಲಾದರೂ ಬರೆಸಿ, ದಿನವೂ ನಾನೇ ಒರೆಸುತ್ತೇನೆ. ಹಾಡಿನಲ್ಲಿ ಆಗುವುದಿಲ್ಲ, ಅಮ್ಮ.

ಅದು ಆರಾಧನೆಯ ಹಾಡು. ಅದರಲ್ಲಿ ಮೊರೆಯಿಡುವುದು ಒಬ್ಬನಿಗೆ. ನಮ್ಮ ಹೆಸರಿಗೂ ಅಲ್ಲಿ ಜಾಗವಿಲ್ಲ. ನೀವು ವಚನದ ಅಂಕಿತದ ಮಾತು ಬರೆದಿರಿ. ನಾನು ಶಾಲೆಯಲ್ಲಿ ಮಕ್ಕಳಿಗೆ ವಚನ ಹಾಡಿಸುತ್ತೇನೆ. ವಚನದ ಕೊನೆಗೆ ಬರುವುದು ಬರೆದವರ ಹೆಸರಲ್ಲ, ಅವರು ನಂಬಿದ ದೇವರ ಹೆಸರು. ಇದನ್ನು ನಿಮಗೆ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೆ ಬೇರೆ ಉತ್ತರ ನನಗೆ ತಿಳಿಯಲಿಲ್ಲ.

ಇದರಿಂದ ಏನು ಕೈತಪ್ಪುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಜಯಶೀಲಾ


25 ಅಕ್ಟೋಬರ್ 2024

ಶ್ರೀಮತಿ ಜಯಶೀಲಾ ಅವರಿಗೆ,

ನೀವು ಬರೆದದ್ದು ತಲುಪಿತು. ಮಿಲ್ಲು ಕೊಡುವುದಿಲ್ಲ. ಅಂಕಿತ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ಮೇಲೆ ಮನೆಗೆ ಸಂಬಂಧಪಟ್ಟ ವಿಷಯ ಮಾತ್ರ ಬರೆಯುವುದು.

ಸಿದ್ದಗಂಗಮ್ಮ
ಮನೆ ಮಾಲೀಕರು


18 ನವೆಂಬರ್ 2024

ಮೇಲಿನ ಮನೆಯವರಿಗೆ,

ನಾಳೆ ಮೋಟಾರ್ ರಿಪೇರಿ ಇದೆ. ಮಧ್ಯಾಹ್ನದ ತನಕ ನೀರು ಬರುವುದಿಲ್ಲ. ಹಿಡಿದಿಟ್ಟುಕೊಳ್ಳುವುದು.

ಬೆಳಿಗ್ಗೆ ಗಿಟಾರು ಕೇಳಿಸುತ್ತಿಲ್ಲ. ನಾನು ಏಳು ಗಂಟೆಯ ನಂತರ ಬೇಡವೆಂದಿಲ್ಲ.

ಸಿದ್ದಗಂಗಮ್ಮ
ಮನೆ ಮಾಲೀಕರು


10 ಡಿಸೆಂಬರ್ 2024

ಪೂಜ್ಯ ಅಮ್ಮನವರಿಗೆ,

ಮನೆಗೆ ಸಂಬಂಧಪಡದ ವಿಷಯ ಬರೆಯುತ್ತಿದ್ದೇನೆ, ಕ್ಷಮಿಸಿ.

ಹಾಡು ಮುಗಿಯಿತು. ಈ ಶನಿವಾರ ಸಂಜೆ ವಿಲ್ಸನ್ ಗಾರ್ಡನ್ನಿನಲ್ಲಿ, ಚರ್ಚಿನ ಅಂಗಳದಲ್ಲಿ, ಬೇರೆ ಬೇರೆ ಚರ್ಚುಗಳ ಗಾಯಕರು ಸೇರಿ ಹಾಡುತ್ತಾರೆ. ಮಕ್ಕಳ ಮನೆಗಾಗಿ ನಡೆಯುವ ಕಾರ್ಯಕ್ರಮ. ಜಾಗ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೆ ಜನವರಿಯಿಂದ ಮಕ್ಕಳನ್ನು ಎಲ್ಲಿ ಬಿಡುವುದೋ ಆ ತಾಯಂದಿರಿಗೂ ಗೊತ್ತಿಲ್ಲ. ಇದನ್ನು ನಿಮ್ಮ ಮನಸ್ಸು ಕರಗಿಸಲು ಬರೆದದ್ದಲ್ಲ. ನಿಮ್ಮ ಮಿಲ್ಲು ನಿಮ್ಮದು.

ಈ ಹಾಡು ನಿಮ್ಮ ತಲೆಯ ಮೇಲೆ ಹುಟ್ಟಿದ್ದು. ಅದು ಪೂರ್ತಿಯಾದದ್ದನ್ನು ನೀವು ಕೇಳದಿದ್ದರೆ ನಮಗೆ ಸಮಾಧಾನವಿಲ್ಲ. ಎರಡು ಪಾಸು ಇಟ್ಟಿದ್ದೇನೆ. "ಎತ್ತಿಕೋ" ಎನ್ನುವಲ್ಲಿ ರಾಗ ಮೇಲಕ್ಕೆ ಹೋಗುತ್ತದೆ.

ಜಯಶೀಲಾ


16 ಡಿಸೆಂಬರ್ 2024

ಜಯಶೀಲಾ,

ಬಂದಿದ್ದೆ. ಹಿಂದಿನ ಸಾಲಿನಲ್ಲಿ ತಲೆಗೆ ಸೆರಗು ಹೊದ್ದು ಕೂತಿದ್ದರಿಂದ ನಿನಗೆ ಗುರುತು ಸಿಗಲಿಲ್ಲ. ಇನ್ನೊಂದು ಪಾಸು ವ್ಯರ್ಥವಾಗಬಾರದೆಂದು ವಿಜಯಲಕ್ಷ್ಮಿಯನ್ನು ಕರೆದುಕೊಂಡು ಬಂದಿದ್ದೆ. ದಾರಿಯುದ್ದಕ್ಕೂ, "ನಾವು ಚಪ್ಲಿ ಬಿಟ್ಟು ಹೋಗ್ಬೇಕೇನ್ರೀ? ತೀರ್ಥ ಕೊಟ್ರೆ ಏನ್ರೀ ಮಾಡೋದು?" ಎಂದು ತಲೆ ತಿಂದಳು.

ನಿಮ್ಮಿಬ್ಬರನ್ನು ವೇದಿಕೆಯ ಮೇಲೆ ಹುಡುಕಿದೆ. ಇರಲಿಲ್ಲ. ಸುಮನ್ ಪಕ್ಕದಲ್ಲಿ ವೈರುಗಳ ನಡುವೆ ಬಗ್ಗಿ ಕೂತಿದ್ದ. ನೀನು ನನಗಿಂತಲೂ ಹಿಂದೆ, ಬೇಲಿಯ ಹತ್ತಿರ, ಜಯದೇವಿಯ ಮಕ್ಕಳಿಗೆ ಬಿಸ್ಕತ್ತು ಕೊಡುತ್ತಿದ್ದೆ. ನಿಮ್ಮ ಹಾಡಿನ ಮದುವೆಯ ದಿನ ನೀವು ಅಡುಗೆಮನೆಯವರ ಹಾಗೆ ಓಡಾಡುತ್ತಿದ್ದಿರಿ.

ಬಿಳಿ ಬಟ್ಟೆಯವರು ನಾಲ್ಕು ಸಾಲಾಗಿ ನಿಂತು ಶುರು ಮಾಡಿದರು. ಪರದೆಯ ಮೇಲೆ ಹಾಡಿನ ಅಕ್ಷರ ಬಂತು. ಅದರ ಕೆಳಗೆ ಹೆಸರಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ಇಲ್ಲ. ಅಂಗಳದ ಜನ ಮೊದಲ ಸಲ ಕೇಳಿದರು, ಎರಡನೆಯ ಸಲ ಗುನುಗಿದರು, ಮೂರನೆಯ ಸಲ ಎದ್ದು ನಿಂತು ಹಾಡಿದರು. ನಾನು ಎಷ್ಟೋ ಜಾತ್ರೆ, ಎಷ್ಟೋ ಮಠದ ಭಜನೆ ನೋಡಿದವಳು. ಇಂಥದ್ದನ್ನು ನೋಡಿರಲಿಲ್ಲ. ತಿಂಗಳುಗಟ್ಟಲೆ ಅರ್ಧರ್ಧವಾಗಿ, ತಡವರಿಸುತ್ತಾ, ಬಿದ್ದು ಏಳುತ್ತಾ ನನ್ನ ಚಾವಣಿಯ ಮೇಲೆ ಅಂಬೆಗಾಲಿಟ್ಟ ಸಾಲು, ಅಷ್ಟು ಜನರ ಬಾಯಲ್ಲಿ ನೆಟ್ಟಗೆ ನಡೆದು ಹೋಗುತ್ತಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಬಂದಿದ್ದರು, ಕುಂಕುಮದವರು, ಬುರ್ಖಾದವರು. ಅವರ ಬಾಯೂ ಆಡುತ್ತಿತ್ತು. "ಎತ್ತಿಕೋ" ಎಂದು ರಾಗ ಏರಿದಾಗ ಬೇಲಿಯ ಹತ್ತಿರ ಒಂದು ಕೂಸು ಹಾಡೆಂದು ತಿಳಿಯದೆ, ತನ್ನನ್ನೇ ಎತ್ತಿಕೊಳ್ಳಲು ಹೇಳಿದರೆಂದು ಕೈ ಎತ್ತಿತು. ಅದನ್ನು ನೀನು ಎತ್ತಿಕೊಂಡೆ. ಅದೂ ಕಂಡಿತು.

ವಿಜಯಲಕ್ಷ್ಮಿ ನನ್ನ ತೋಳು ಹಿಡಿದು, "ರೀ, ಇದು ಆ ಸಿಕ್ಕಾಕೊಂಡಿದ್ದ ಕ್ಯಾಸೆಟ್ಟಲ್ವೇನ್ರೀ?" ಎಂದಳು. ನನ್ನ ತುಟಿ ಅಲ್ಲಾಡಿದ್ದನ್ನು ನೋಡಿದಳು, ನೋಡದವಳ ಹಾಗೆ ಮುಖ ತಿರುಗಿಸಿದಳು. ಅವಳು ನನಗೆ ಕೊಟ್ಟ ಮೊದಲ ಮರ್ಯಾದೆ ಅದು.

ನನ್ನ ಇನ್ನೊಂದು ಪಕ್ಕದಲ್ಲಿ ನನಗಿಂತ ದೊಡ್ಡವಳು, ಗೊಟ್ಟಿಗೆರೆಯ ಒಬ್ಬ ಮುದುಕಿ ಕೂತಿದ್ದಳು. ಕಣ್ಣು ಒರೆಸಿಕೊಂಡು ನನಗೆ, "ನಮ್ಮಜ್ಜಿ ಹಾಡ್ತಿದ್ದ ಹಾಡು ಕಣವ್ವಾ ಇದು. ಎಷ್ಟ್ ವರ್ಷ ಆಯ್ತು ಕೇಳಿ" ಎಂದಳು.

ಈ ಹಾಡಿಗೆ ಇನ್ನೂ ಹಾಲುಹಲ್ಲು ಬಂದಿಲ್ಲ, ಇದು ನಮ್ಮ ಮೇಲಿನ ಮನೆಯಲ್ಲಿ ಹುಟ್ಟಿದ್ದು, ಇದಕ್ಕೆ ಕಾರಣವಾದವಳು ಸಾರಕ್ಕಿಯ ಸಿದ್ದಗಂಗಮ್ಮ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅವಳ ಅಜ್ಜಿಯನ್ನು ಅವಳಿಂದ ಹೇಗೆ ಕಿತ್ತುಕೊಳ್ಳುವುದು? ಅಲ್ಲಿ ಒಂದು ಹೆಸರಿದ್ದಿದ್ದರೆ, ನಿನ್ನದಾಗಲಿ ನಮ್ಮ ಯಜಮಾನರದಾಗಲಿ, ಅವಳ ಅಜ್ಜಿ ಆ ಸಂಜೆ ಬರುತ್ತಲೇ ಇರಲಿಲ್ಲ. ನಮ್ಮವ್ವ ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳು ನನಗೆ ಇನ್ನೂ ಬಾಯಿಗೆ ಬರುತ್ತವೆ. ಕಟ್ಟಿದವರು ಯಾರೆಂದು ನಾನು ಒಂದು ದಿನವೂ ಕೇಳಿಲ್ಲ. ಅವು ನಮ್ಮವ್ವನವು ಎಂದೇ ತಿಳಿದು ಇಷ್ಟು ವಯಸ್ಸಾಯಿತು.

ಹೆಚ್ಚು ಬರೆಯುವುದಿಲ್ಲ. ಬುಟ್ಟಿಯಲ್ಲಿ ಮಿಲ್ಲಿನ ಬೀಗದ ಕೈ ಇದೆ. ತುಕ್ಕು ಹಿಡಿದಿದೆ, ಎಣ್ಣೆ ಹಾಕಿ ತಿರುಗಿಸಬೇಕು. ಬಲಕ್ಕೆ ಅಲ್ಲ, ಎಡಕ್ಕೆ. ಶಿವಕಿರಣ್‌ಗೆ ಹೇಳಿದ್ದೇನೆ. ಅವನು ಏನೋ ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ಬೋರ್ಡು ಬೇಡ. ಜಯದೇವಿ "ಮಕ್ಕಳ ಮನೆ" ಎಂದಷ್ಟೇ ಬರೆಸಿಕೊಳ್ಳಲಿ.

ಸಿದ್ದಗಂಗಮ್ಮ
ಕೆಳಗಿನ ಮನೆ


29 ಡಿಸೆಂಬರ್ 2024

ಅಮ್ಮ,

ಬೀಗ ಎಡಕ್ಕೇ ತಿರುಗಿತು.

ಜಯದೇವಿಯಕ್ಕ ಒಳಗೆ ಹೋಗಿ ನಡುವೆ ನಿಂತು ಒಂದು ಸುತ್ತು ತಿರುಗಿದರು. "ಇಷ್ಟ್ ಎತ್ರದ್ ಸೂರಾ?" ಎಂದು ಕೇಳಿದರು, ಅಷ್ಟೇ. ಆಮೇಲೆ ಪೊರಕೆ ತೆಗೆದುಕೊಂಡರು. ತಾಯಂದಿರೆಲ್ಲ ಭಾನುವಾರದ ರಜೆಯಲ್ಲಿ ಬಂದು ತೊಳೆದರು. ತೊಲೆಗಳ ಮೇಲೆ ಹಳೆಯ ಹಿಟ್ಟು ಇನ್ನೂ ಇತ್ತು, ಅಮ್ಮ. ಸುಮನ್ ಏಣಿ ಹತ್ತಿ ಗುಡಿಸಿದಾಗ ಮೇಲಿಂದ ಸುರಿಯಿತು. ಇಳಿದು ಬಂದಾಗ ಅವರ ಹುಬ್ಬೆಲ್ಲ ಬೆಳ್ಳಗಾಗಿತ್ತು. ಮಕ್ಕಳು ನಕ್ಕವು. ನಾನು ನಗಲಿಲ್ಲ. ನಿಮ್ಮ ಅಕ್ಟೋಬರ್ ತಿಂಗಳ ಕಾಗದ ನೆನಪಾಯಿತು.

ಈಗ ಒಂದು ತೊಡಕು. ಪಿಳ್ಳಣ್ಣ ಗಾಡಿಯಲ್ಲಿ ಫ್ಯಾನುಗಳನ್ನು ತಂದು ಇಳಿಸಿದ್ದಾನೆ. ನೀವು ಅಕ್ಟೋಬರಿನಲ್ಲಿ ಹೇಳಿದ್ದಂತೆ, ಎಲ್ಲ ರೆಕ್ಕೆಗಳ ಮೇಲೂ ಯಜಮಾನರ ಹೆಸರನ್ನು ಆಗಲೇ ಬರೆದಾಗಿದೆಯಂತೆ. ಬೋರ್ಡು ಬೇಡವೆಂದು ನೀವು ಹೇಳಿ ಕಳಿಸಿದ್ದು ಅವನಿಗೆ ತಲುಪಿದೆ. "ಬೋರ್ಡಿನ್ ವಿಷ್ಯ ಸರಿ ಮೇಡಂ, ಫ್ಯಾನಿನ್ ವಿಷ್ಯ ಅಮ್ಮೋರು ಏನೂ ಹೇಳಿಲ್ವಲ್ಲ. ಅಳಿಸಕ್ಕೆ ನನ್ ಕೈ ಬರಲ್ಲ" ಎನ್ನುತ್ತಾನೆ. ಅಳಿಸುವುದು ನಮಗೂ ಇಷ್ಟವಿಲ್ಲ. ಅವರ ಮಿಲ್ಲು, ಅವರ ಹೆಸರು, ಇರಲಿ ಎಂದೇ ನಮ್ಮೆಲ್ಲರ ಆಸೆ. ನೀವು ಹೇಳಿದ ಹಾಗೆ.

ನಿಮ್ಮ ಮಗಳು,
ಜಯಶೀಲಾ


6 ಜನವರಿ 2025

ಜಯಶೀಲಾ,

ಫ್ಯಾನಿನ ವಿಷಯಕ್ಕೆ ಉತ್ತರ ಬರೆಯಲಿಲ್ಲ, ನೋಡಿ ಬರೆಯೋಣವೆಂದು ಸುಮ್ಮನಿದ್ದೆ. ಇವತ್ತು ನೀನು ಶಾಲೆಗೆ ಹೋದ ಮೇಲೆ ಒಬ್ಬಳೇ ಆಟೋ ಮಾಡಿಕೊಂಡು ಬೊಮ್ಮನಹಳ್ಳಿಗೆ ಹೋಗಿ ಬಂದೆ.

ಮಿಲ್ಲು ಮಿಲ್ಲಿನ ಹಾಗಿಲ್ಲ. ಹಿಟ್ಟಿನ ಕಲ್ಲು ಇದ್ದ ಜಾಗದಲ್ಲಿ ತೊಟ್ಟಿಲುಗಳಿವೆ. ಯಜಮಾನರು ಕೂರುತ್ತಿದ್ದ ಮೂಲೆಯಲ್ಲಿ ಯಾವುದೋ ಮಗು ತಲೆಕೆಳಗಾಗಿ ಮಲಗಿತ್ತು. ಜಯದೇವಿ ಒಂದು ಚಾಪೆ ಹಾಸಿ ಕೂರಿಸಿದಳು. ನಾನು ಕುರ್ಚಿ ಕೇಳಲಿಲ್ಲ.

ಮಕ್ಕಳಿಗೆ ಮಧ್ಯಾಹ್ನದ ನಿದ್ದೆಯ ಹೊತ್ತು. ನಿನ್ನ ಹಾಡನ್ನೇ ಜಯದೇವಿ ಜೋಗುಳದ ಹಾಗೆ ಎಳೆದು ಹಾಡುತ್ತಿದ್ದಳು, ರಾಗ ಪೂರ್ತಿ ಹಾಳಾಗಿತ್ತು. ಸುಮನ್‌ಗೆ ಹೇಳಬೇಡ, ಕೇಳಲು ಚೆನ್ನಾಗಿತ್ತು.

ಮೇಲೆ ನೋಡಿದೆ. ಪಿಳ್ಳಣ್ಣ ಈ ಸಲ ಅಕ್ಷರಕ್ಕೆ ನೆರಳು ಬೇರೆ ಕೊಟ್ಟಿದ್ದಾನೆ. ಪ್ರತಿ ರೆಕ್ಕೆಯ ಮೇಲೂ ಸಿದ್ದಲಿಂಗಯ್ಯ. ಎಲ್ಲಿ ಕೂತರೂ ಕಾಣುತ್ತಿತ್ತು. ಅವರ ಹೆಸರನ್ನು ಅಷ್ಟು ಚಂದವಾಗಿ ಬರೆದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಶೀಟು ಕಾದು ಮಕ್ಕಳು ಬೆವರಿ ಹೊರಳಾಡುತ್ತಿದ್ದವು. ಫ್ಯಾನು ಯಾಕೆ ಹಾಕಿಲ್ಲವೆಂದು ಜಯದೇವಿಯನ್ನು ಕೇಳಿದೆ. ಅವಳು ಸಂಕೋಚಪಟ್ಟುಕೊಂಡು, "ನೀವ್ ಬಂದಿದೀರಲ್ಲಮ್ಮ, ಯಜಮಾನ್ರ ಹೆಸ್ರು ಓದ್ಕೊಳ್ಳಿ ಅಂತ ಆರ್ಸಿದೆ. ತಿರುಗಿದ್ರೆ ಕಾಣಲ್ಲ" ಎಂದಳು.

"ಹಾಕು" ಎಂದೆ.

ಮೊದಲ ಸುತ್ತಿಗೆ ಅಕ್ಷರ ಕಂಡವು. ಎರಡನೆಯ ಸುತ್ತಿಗೆ ಕೆಂಪು ಬಳೆಯ ಹಾಗಾಯಿತು. ಆಮೇಲೆ ಏನೂ ಇರಲಿಲ್ಲ. ಗಾಳಿ ಬಂತು. ನನ್ನ ಪಕ್ಕದಲ್ಲಿದ್ದ ಮಗುವಿನ ಹಣೆಯ ಬೆವರು ಆರುವ ತನಕ ನೋಡುತ್ತಾ ಕೂತಿದ್ದೆ. ಯಾರ ಮಗು ಎಂದು ಕೇಳಲಿಲ್ಲ.

ಅಳಿಸುವುದು ಬೇಡ. ಸಂಜೆ ಮಕ್ಕಳೆಲ್ಲ ಹೋಗುವ ತನಕ ಆರಿಸಬಾರದೆಂದು ಜಯದೇವಿಗೆ ಹೇಳಿ ಬಂದಿದ್ದೇನೆ.

ನಾಳೆಯಿಂದ ನೀವು ಆರು ಗಂಟೆಗೇ ಶುರು ಮಾಡಬಹುದು. ನನ್ನ ಪೂಜೆಗೆ ತೊಂದರೆಯಿಲ್ಲ.

ಸಿದ್ದಗಂಗಮ್ಮ